ದೊಡ್ಡ ಮೇಡಂ ಮೇಜಿನ ಮೇಲೆ ಶೇಂಗಾ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಾಯಿ ಸುಮ್ಮನಿದ್ದರೆ ಬೈಸಿಕೊಳ್ಳುವ ಕೆಲಸ ಒಂದೇ ಒಂದಿತ್ತು. ಅದು ಬಿತ್ತನೆಯ ಶೇಂಗಾ ಸುಲಿಯುವುದು. ಬೇರೆ ಯಾವ ಕೆಲಸಕ್ಕೆ ಕೂತರೂ "ಬಾಯಿ ಮುಚ್ಕೊಂಡು ಮಾಡು" ಅನ್ನುತ್ತಿದ್ದ ಅಜ್ಜಿ, ಶೇಂಗಾ ಮುಂದೆ ಕೂತಾಗ ಮಾತ್ರ "ಬಾಯಿ ಬಿಡ್ರೇ" ಅನ್ನುತ್ತಿದ್ದಳು. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಜಗಳೂರು ಕಡೆಯ ಹಳ್ಳಿ. ಕೆಂಪು ನೆಲ, ಸಣ್ಣ ಕಲ್ಲು, ಬೇಸಿಗೆಯಲ್ಲಿ ಬರಿಗಾಲು ಇಡಲಾಗದಷ್ಟು ಕಾವು. ಮಳೆ ಬೀಳುವುದರೊಳಗೆ ಚೀಲದ ಕಾಯನ್ನೆಲ್ಲ ಸುಲಿದು ಬೀಜ ಮಾಡಿಟ್ಟುಕೊಳ್ಳಬೇಕಿತ್ತು. ಪಡಸಾಲೆಯಲ್ಲಿ ರಾಶಿ ಸುರಿದು, ಸಿಪ್ಪೆ ಮೆತ್ತಗಾಗಲೆಂದು ಅವ್ವ ನೀರು ಚಿಮುಕಿಸುತ್ತಿದ್ದಳು. ಆಗ ಏಳುವ ಮಣ್ಣಿನ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಅಜ್ಜಿ, ಅವ್ವ, ಅಕ್ಕ, ನಾನು ಸುತ್ತ ಕೂತರೆ ಹೊತ್ತು ಮುಳುಗುವವರೆಗೆ ಪಟಪಟ ಸದ್ದು. ಹೆಬ್ಬೆರಳು ಊದಿಕೊಂಡು, ರಾತ್ರಿ ರೊಟ್ಟಿಗೆ ಖಾರ ಹಚ್ಚಿಕೊಂಡರೆ ಉರಿ ನೆತ್ತಿಗೇರುತ್ತಿತ್ತು.

ಹಸಿ ಬೀಜ ರುಚಿ. ಸುಲಿಯುವವರೆಲ್ಲ ಒಂದೊಂದು ಬಾಯಿಗೆ ಹಾಕಿಕೊಂಡರೆ ಬಿತ್ತುವುದಕ್ಕೆ ಏನು ಉಳಿಯುತ್ತದೆ? ಅದಕ್ಕೇ ಎಲ್ಲರೂ ಹಾಡಬೇಕು. ಹಾಡುವ ಬಾಯಿ ಅಗಿಯುವುದಿಲ್ಲ. ಯಾರ ದನಿ ನಿಂತಿತೋ ಅವರು ತಿನ್ನುತ್ತಿದ್ದಾರೆ ಅಂತಲೇ ಅರ್ಥ. ಅಜ್ಜಿ ಎದ್ದು ಬಂದು ಗಲ್ಲ ಹಿಡಿದು, ಬಾಯಿ ತೆಗೆಸಿ ನೋಡುತ್ತಿದ್ದಳು. ಅವ್ವನನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ಅಕ್ಕ ಏಳನೇ ಕ್ಲಾಸು ಮುಗಿಸಿದ್ದಳು. ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಹೊನ್ನಾಳಿಯಲ್ಲಿ ಅಪ್ಪನ ತಂಗಿ ಇದ್ದಳು, ನಮ್ಮ ಅತ್ತೆ. ಅವಳ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗಬಹುದು ಎಂದು ಮಾತಾಯಿತು. ಆದರೆ ಆ ಶಾಲೆಯ ದೊಡ್ಡ ಮೇಡಂ ಹುಡುಗಿಯರನ್ನು ಎದುರಿಗೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಿಯೇ ಸೇರಿಸಿಕೊಳ್ಳುತ್ತಾರಂತೆ. ಅಕ್ಕ ಬರೆಯುವುದರಲ್ಲಿ ಗಟ್ಟಿ. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಮಾತ್ರ ಕಂಬ.

ಅಪ್ಪ ಮೊದಲೇ ಹೇಳಿಬಿಟ್ಟ: "ಮಾತಾಡಿದ್ರೆ ಅಲ್ಲೇ ಇದ್ದು ಓದು. ಮಾತಾಡ್ಲಿಲ್ಲ ಅಂದ್ರೆ ಅದೇ ಬಸ್ಸಿಗೆ ವಾಪಸ್ ಬಾ. ಶೇಂಗಾ ಐತೆ."

ಹೆದರಿಸಲು ಹೇಳಿದ ಮಾತಲ್ಲ ಅದು. ಅಪ್ಪ ಹೇಳಿದ ಮೇಲೆ ಹಾಗೇ ಆಗುತ್ತಿತ್ತು.

ಅಕ್ಕನಿಗೆ ಓದಲು ಬೇರೆ ಹೊತ್ತು ಎಲ್ಲಿತ್ತು? ರಾಶಿಯ ಮುಂದೆಯೇ ಶುರು ಮಾಡಿದಳು. ಮೇಷ್ಟ್ರು ಕಲಿಸಿದ್ದ, ಇಂಗ್ಲಿಷ್ ಮಾತು ಕಟ್ಟುವ ಒಂದು ಅಚ್ಚು ಅವಳ ಹತ್ತಿರ ಇತ್ತು. ಮೊದಲು ಸುಲಭವೋ ಕಷ್ಟವೋ ಹೇಳಬೇಕು, ಆಮೇಲೆ ಯಾರಿಗೆ, ಕೊನೆಗೆ ಏನು ಮಾಡಾಕೆ. 'ಇಟ್ ಈಸ್ ಈಜಿ ಫಾರ್ ಮಿ ಟು ರೀಡ್' ಅಂದರೆ 'ನನಗೆ ಓದಾಕೆ ಸುಲಭ'. ಈಜಿ ತೆಗೆದು ಹಾರ್ಡ್ ಹಾಕಿದರೆ ಕಷ್ಟ. 'ಮಿ' ಜಾಗಕ್ಕೆ 'ಹಿಮ್' ಹಾಕಿದರೆ ಅವನಿಗೆ, 'ಹರ್' ಹಾಕಿದರೆ ಅವಳಿಗೆ. ಕೊನೆಯ ಕೆಲಸ ನಮಗೆ ಬೇಕಾದ್ದು.

ಅಜ್ಜಿ ಕೇಳಿಸಿಕೊಂಡು, "ನಾವು ಕೊನೆಗೆ ಹೇಳಾದನ್ನ ಅವ್ರು ಮೊದ್ಲೇ ಹೇಳ್ತಾರೇನು? ಊಟನೂ ಮಜ್ಜಿಗೆಯಿಂದ ಶುರು ಮಾಡ್ತಾರೋ ಏನೋ" ಅಂದಳು.

"ಅದೇನಾರ ಮಾಡ್ಕಳ್ಳಿ, ನಿಮಗ್ಯಾಕತ್ತೆ? ಬಾಯಿ ಆಡ್ತೈತಲ್ಲ, ಬೀಜ ಉಳೀತಾವೆ" ಅಂದಳು ಅವ್ವ.

ಅದು ಅಜ್ಜಿಗೆ ಒಪ್ಪಿಗೆಯಾಯಿತು. ಹಾಡಿನ ಬದಲು ಇಂಗ್ಲಿಷೇ ನಡೆಯಿತು. ಕಾಯಿ ಒತ್ತಿ ಸಿಪ್ಪೆ ಒಡೆದಾಗ ಅಕ್ಕ 'ಇಟ್ ಈಸ್ ಹಾರ್ಡ್' ಅನ್ನುತ್ತಿದ್ದಳು. ಬೀಜ ಬಿಡಿಸುವಾಗ ನಾವೆಲ್ಲ 'ಫಾರ್ ಹರ್' ಅನ್ನುತ್ತಿದ್ದೆವು. ಬೀಜ ಮೊರಕ್ಕೆ ಎಸೆಯುವಾಗ ಅಕ್ಕ ಕೆಲಸದ ಹೆಸರು ಹೇಳಿ ಮುಗಿಸುತ್ತಿದ್ದಳು. ಅಜ್ಜಿ ಬಾಯಲ್ಲಿ ಹಲ್ಲಿಲ್ಲದೆ 'ಫಾರ್' ಅನ್ನುವುದು ಬರೀ ಗಾಳಿಯಾಗಿ ಬರುತ್ತಿತ್ತು. ಅಪ್ಪ ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದ.

ಹೊನ್ನಾಳಿಗೆ ಹೋಗುವ ದಿನ ಬಂತು. ಬಸ್ಸು ನೋಡಬೇಕೆಂದು ರಂಪ ಮಾಡಿ ನಾನೂ ಹೊರಟೆ. ಅತ್ತೆಗೆಂದು ಅವ್ವ ಒಂದು ಗಂಟು ಶೇಂಗಾ ಕಾಯಿ ಕಟ್ಟಿಕೊಟ್ಟಳು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದೆವು. ಡೀಸೆಲ್ ವಾಸನೆಗೆ ನನಗೆ ಎರಡು ಸಲ ವಾಂತಿಯಾಯಿತು. ಹೊನ್ನಾಳಿ ಹತ್ತಿರ ಹೊಳೆ ಕಂಡಾಗ ವಾಂತಿ ಮರೆತುಹೋಯಿತು. ಅಷ್ಟು ನೀರು ಒಂದೇ ಕಡೆ ಇರುವುದನ್ನು ಅದೇ ಮೊದಲು ನೋಡಿದ್ದು. ಅಕ್ಕ ನೋಡಲೇ ಇಲ್ಲ. ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು.

ದೊಡ್ಡ ಮೇಡಂ ಬಿಳಿ ಸೀರೆ ಉಟ್ಟು, ದಪ್ಪ ಕನ್ನಡಕ ಹಾಕಿದ್ದರು. ಕೋಣೆಯಲ್ಲಿ ಸುಣ್ಣದ ವಾಸನೆ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಅಂಟಿ ನಿಂತ, ನಾನು ಅಪ್ಪನ ಪಂಚೆಗೆ ಅಂಟಿ ನಿಂತೆ. ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅಕ್ಕ ಕಂಬವಾದಳು. ಇನ್ನೊಂದು ಕೇಳಿದರು. ಅಕ್ಕನ ಕೈ ಎರಡೂ ಜೋತುಬಿದ್ದಿದ್ದವು, ಬೆರಳು ಮಾತ್ರ ಲಂಗದ ನೆರಿಗೆಯನ್ನು ಒತ್ತುತ್ತಿದ್ದವು, ಒತ್ತಿ ಬಿಡುತ್ತಿದ್ದವು.

"ಇನ್ನೊಂದು ವರ್ಷ ಊರಲ್ಲೇ ಕಲಿತು ಬರಲಿ" ಅಂದರು ಮೇಡಂ, ಅಪ್ಪನ ಕಡೆ ತಿರುಗಿ.

ಇನ್ನು ಅದೇ ಬಸ್ಸು ಅಂದುಕೊಂಡೆ. ಅಪ್ಪನ ಕಣ್ಣು ಅಕ್ಕನ ಬೆರಳ ಮೇಲಿತ್ತು. ಅವನು ನನ್ನ ಕೈಯಿಂದ ಗಂಟು ಕಿತ್ತುಕೊಂಡು, ಬಿಚ್ಚಿ, ಒಂದು ಬೊಗಸೆ ಶೇಂಗಾ ಮೇಡಂ ಮೇಜಿನ ಮೇಲೆ ಸುರಿದ. ಕಾಯಿ ಉರುಳಿ ಮಸಿಕುಡಿಕೆಗೆ ಬಡಿದವು.

"ಏನ್ರೀ ಇದು! ಸಂತೆ ಅಂದ್ಕೊಂಡ್ರೇನ್ರೀ?"

"ಸಿಟ್ಟಾಗಬ್ಯಾಡ್ರಿ ಮೇಡಮ್ಮೋರೇ. ನನ್ನ ಮಗಳ ಬಾಯಿ ಬೆರಳಾಗೈತ್ರಿ. ಸುಲಿಯಾಕೆ ಬಿಡ್ರಿ, ಆಮೇಲೆ ಕೇಳ್ರಿ" ಅಂದ. ಅಕ್ಕನಿಗೆ, "ಸುಲಿಯೇ" ಅಂದ.

ಅಕ್ಕ ಒಂದು ಕಾಯಿ ತೆಗೆದುಕೊಂಡಳು. ಟಪ್ ಎಂದು ಒಡೆಯಿತು. ಅದರ ಹಿಂದೆಯೇ ಬಾಯಿಯೂ ಬಿಟ್ಟಿತು. 'ಇಟ್ ಈಸ್ ಹಾರ್ಡ್ ಫಾರ್ ಮಿ ಟು ಸ್ಪೀಕ್.' ನನಗೆ ಮಾತಾಡಾಕೆ ಕಷ್ಟ ಅಂದಳು. ಬೀಜ ಮೇಜಿಗೆ ಬಿತ್ತು. ಇನ್ನೊಂದು ಕಾಯಿ. 'ಇಟ್ ಈಸ್ ಈಜಿ ಫಾರ್ ಮಿ ಟು ವರ್ಕ್.' ಕೆಲಸ ಮಾಡಾಕೆ ಸುಲಭ ಅಂದಳು. ಮೇಡಂ ಕುರ್ಚಿಗೆ ಒರಗಿದರು. ಒಂದಾದ ಮೇಲೊಂದು ಕೇಳಿದರು, ಅಕ್ಕ ಒಂದಾದ ಮೇಲೊಂದು ಒಡೆದಳು. ಸಿಪ್ಪೆಯ ಗುಡ್ಡೆ ಒಂದು ಕಡೆ, ಬೀಜದ ಗುಡ್ಡೆ ಒಂದು ಕಡೆ. ಮಧ್ಯೆ ಮೇಡಂ ಸುಮ್ಮನಾದರು. ನನಗೆ ಮನೆಯ ಅಭ್ಯಾಸ.

"ಸುಮ್ಮನಾದ್ರು, ತಿಂತಾವ್ರೆ!" ಅಂದೆ ಜೋರಾಗಿ.

ನಿಜವಾಗಿಯೂ ತಿನ್ನುತ್ತಿದ್ದರು. ಅಪ್ಪ ನನ್ನ ತಲೆಗೊಂದು ಮೊಟಕಿದ. ಮೇಡಂ ನಕ್ಕರು, ಕೆಮ್ಮಿದರು, ನೀರು ಕುಡಿದರು. ಆಮೇಲೆ ಅಪ್ಪನನ್ನು ತೋರಿಸಿ 'ಫಾರ್ ಹಿಮ್?' ಅಂದರು. ಇದು ಮನೆಯಲ್ಲಿ ಹೇಳಿ ಕಲಿತದ್ದಲ್ಲ. ಅಕ್ಕ ಕಾಯಿ ಹಿಡಿದುಕೊಂಡು ಅಪ್ಪನ ಕಡೆ ನೋಡಿದಳು. ಆಮೇಲೆ ಒಡೆದು, 'ಇಟ್ ಈಸ್ ಹಾರ್ಡ್ ಫಾರ್ ಹಿಮ್ ಟು ಸೆಂಡ್ ಮಿ' ಅಂದಳು.

ಮೇಡಂ ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. "ಸೋಮವಾರದಿಂದ ಕಳಿಸಿ" ಅಂದರು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅಪ್ಪ ಕೇಳಿದ, "ನನ್ನ ಮೇಲೆ ಏನು ಚಾಡಿ ಹೇಳ್ದೆ?"

"ನನ್ನ ಕಳಿಸಾಕೆ ನಿನಗೆ ಕಷ್ಟ ಅಂದೆ."

"ಕಷ್ಟ ಎಂಥದು? ಬಸ್ ಐತಲ್ಲ" ಅಂದ. ಅತ್ತೆಯ ಮನೆಯವರೆಗೂ ಮತ್ತೆ ಮಾತಾಡಲಿಲ್ಲ. ಅಪ್ಪ ಏನೂ ತಿನ್ನುತ್ತಿರಲಿಲ್ಲ, ನಾನು ನೋಡಿದೆ.

ಅಕ್ಕ ಓದಿ ನರ್ಸ್ ಆದಳು. ನನ್ನದು ಮೂರನೇ ಕ್ಲಾಸಿಗೆ ನಿಂತಿತು, ಮನೆಯಲ್ಲಿ ಸುಲಿಯುವ ಕೈ ಒಂದು ಕಡಿಮೆಯಾಗಿತ್ತಲ್ಲ. ಅದಕ್ಕೆ ನಾನು ಅತ್ತಿಲ್ಲ. ಹೊನ್ನಾಳಿಗಿಂತ ನಮ್ಮ ಎಮ್ಮೆಯೇ ನನಗೆ ಇಷ್ಟವಿತ್ತು. ಇಂಗ್ಲಿಷಿನಲ್ಲಿ ನನಗೆ ಬರುವುದು ಅದೊಂದೇ ಅಚ್ಚು. ಅದು ಮಾತ್ರ ಗಟ್ಟಿ.

ಈಗ, ನಾನು ಸೊಸೆಯಾಗಿ ಬಂದ ನ್ಯಾಮತಿಯಲ್ಲಿ, ನನ್ನ ಮೊಮ್ಮಕ್ಕಳನ್ನು ಶಾಲೆಯ ವ್ಯಾನು ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಯಾರೂ ಅವರನ್ನು ವಾಪಸ್ ಬಾ ಅನ್ನುವುದಿಲ್ಲ. ಬಿತ್ತನೆ ಬೀಜವೂ ಸುಲಿದೇ ಚೀಲದಲ್ಲಿ ಬರುತ್ತದೆ. ಒಳ್ಳೆಯದೇ, ಹೆಬ್ಬೆರಳು ಉಳಿಯಿತು. ಮೊನ್ನೆ ಮೊಮ್ಮಗಳು ಅದೇ ಪಾಠವನ್ನು ಮೊಬೈಲಿನಲ್ಲಿ ಒತ್ತಿ ಒತ್ತಿ ಮುಗಿಸಿದಳು. ಎಲ್ಲ ಸರಿಯಿತ್ತಂತೆ, ಹಸಿರು ಗುರುತು ಬಂತು. ಬಾಯಿಂದ ಮಾತ್ರ ಒಂದು ಸದ್ದಿಲ್ಲ. ಗಲ್ಲ ಹಿಡಿದು ಬಾಯಿ ತೆಗೆಸಿ ನೋಡಿದೆ. ಏನೂ ಇರಲಿಲ್ಲ.

ಒಂದು ತಟ್ಟೆ ಶೇಂಗಾ ಕಾಯಿ ತಂದು ಮುಂದಿಟ್ಟೆ. "ಫೋನ್ ಆಚೆ ಇಡು. ಸುಲಿ. ಫಾರ್ ಅಜ್ಜಿ?" ಅಂದೆ.

ಒಂದು ಕಾಯಿ ಒಡೆದು, ನನ್ನ ಮುಖ ನೋಡಿ ಹೇಳಿದಳು: "ಇಟ್ ಈಸ್ ಹಾರ್ಡ್ ಫಾರ್ ಅಜ್ಜಿ ಟು ಸಿಟ್ ಕ್ವಯಟ್."

ಸುಮ್ಮನೆ ಕೂರಾಕೆ ನನಗೆ ಕಷ್ಟವಂತೆ. ನಾನು ಬೀಜ ಬಾಯಿಗೆ ಹಾಕಿಕೊಂಡು ಸುಮ್ಮನಾದೆ.