ಇಜೆಕ್ಟ್ ಮಾಡದೆ ಕಿತ್ತ ಪೆನ್ ಡ್ರೈವ್

ಅಕ್ಕೋರೇ, ನಿಮ್ಮ ಅವ್ವನ ದನಿಯನ್ನು ಅಳಿಸಿದವನು ನಾನು. ನಿಮ್ಮ ಲ್ಯಾಪ್‌ಟಾಪ್ ಅಲ್ಲ, ನಿಮ್ಮ ಲಿನಕ್ಸ್ ಅಲ್ಲ — ನಾನು. ಏಳು ವರ್ಷದಿಂದ ನೀವು ಜೋಪಾನ ಮಾಡಿಟ್ಟ ಆ ಪೆನ್ ಡ್ರೈವಿನಲ್ಲಿ ಏನೂ ಇಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು.

ಎದುರಿಗೆ ನಿಂತರೆ ನಾಲಿಗೆ ಹೊರಳುವುದಿಲ್ಲವೆಂದು ಮೊದಲು ಬರೆಯುತ್ತಿದ್ದೇನೆ. ಮೊನ್ನೆ ನೀವು ಫೋನ್ ಮಾಡಿದಿರಿ. ಈಗಿರುವ ಇಂಟರ್ನೆಟ್ ಕಂಪನಿ ಬಿಟ್ಟು ನಾನು ಈಗ ಕೆಲಸ ಮಾಡುವ ಕಂಪನಿಯ ಲೈನ್ ಹಾಕಿಸಿಕೊಳ್ಳುತ್ತೇನೆ ಅಂದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

“ಮತ್ತ ಲಿನಕ್ಸ್ ಇರೋ ಲ್ಯಾಪ್‌ಟಾಪ್ ತಗೊಂಡೇನಿ, ಮಂಜು. ರವಿವಾರ ಬಂದು ಲೈನ್ ಹಾಕ್ಕೊಡು. ನಮ್ಮಕ್ಕನೂ ಗೋವಾದಿಂದ ಬರಾಕತ್ತಾಳ. ಎಲ್ಲಾರೂ ಕೂಡಿ ಅವ್ವನ ದನಿ ಕೇಳೂಣು.”

ಹೂಂ ಅಂದೆ. ಇವತ್ತು ಶುಕ್ರವಾರ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಡುವೆ ಎಲ್ಲಾದರೂ ಜಾರಿಕೊಳ್ಳುವ ಚಾಳಿ ನನ್ನದು, ಅದಕ್ಕೆ ಅವಕಾಶ ಕೊಡಬಾರದು.

ಆಗ ನಾನು ದಾಂಡೇಲಿಯಿಂದ ಹಳಿಯಾಳಕ್ಕೆ ಬೈಕಿನಲ್ಲಿ ಓಡಾಡಿ ಲೈನ್ ಹಾಕುತ್ತಿದ್ದ ಹೊಸ ಹುಡುಗ. ಅಪ್ಪ ಕಾಗದದ ಕಾರ್ಖಾನೆಯವರು. ಮಗ ಕಂಪ್ಯೂಟರ್ ಎಂಜಿನಿಯರ್ ಅಂತ ಕ್ವಾರ್ಟರ್ಸ್ ತುಂಬ ಹೇಳಿಕೊಂಡು ಬಂದಿದ್ದರು. ನಾನು ಕಲಿತದ್ದು ಮೂರು ತಿಂಗಳ ಕೋರ್ಸು. ವಿಂಡೋಸ್‌ನಲ್ಲಿ ಯಾವ ಗುಂಡಿ ಒತ್ತಬೇಕು ಎಂಬುದೊಂದು ಬಾಯಿಪಾಠ. ಆದರೆ ಜಂಭ — ಅದನ್ನು ಕೇಳಬೇಡಿರಿ.

ಆಗ ನೀವು ಲೈನ್ ಬದಲಿಸಿದ್ದು ಅವ್ವನ ಸಲುವಾಗಿ. ಅವರು ತೀರಿಕೊಳ್ಳುವ ಮುಂಚಿನ ಎರಡು ವರ್ಷ, ಅವರ ಹಾಡು, ಕತೆ, ಬೈಗುಳ ಎಲ್ಲ ಮೊಬೈಲಿನಲ್ಲಿ ಹಿಡಿದಿದ್ದಿರಿ. ಮೊಬೈಲು ತುಂಬಿದಾಗ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನದನ್ನು ತೆಗೆದಿದ್ದಿರಿ. ಗೋವಾದ ಅಕ್ಕನಿಗೆ ಕಳಿಸಬೇಕೆಂದರೆ ಹಳೆಯ ಲೈನ್ ಅರ್ಧಕ್ಕೇ ಬಿದ್ದುಹೋಗುತ್ತಿತ್ತು. ಹೊಸ ಲೈನ್ ಬಂದ ಕೂಡಲೇ ಮೊದಲು ಅವ್ವನನ್ನು ಅನಮೋಡ ಘಾಟು ದಾಟಿಸಿ ಗೋವಾ ಮುಟ್ಟಿಸಬೇಕು ಅಂತ ನಗುತ್ತ ಅಂದಿದ್ದಿರಿ. ಹೇಳಿ, ಆ ಫೈಲುಗಳ ಬೆಲೆ ನನಗೆ ತಿಳಿದಿರಲಿಲ್ಲ ಅಂತ ಹೇಗೆ ಹೇಳಲಿ?

ನಿಮ್ಮ ಲ್ಯಾಪ್‌ಟಾಪ್ ನಡೆಯುತ್ತಿದ್ದುದು ವಿಂಡೋಸ್‌ನಿಂದ ಅಲ್ಲ, ಲಿನಕ್ಸ್‌ನಿಂದ. ಶಿಕ್ಷಕರ ತರಬೇತಿಯಲ್ಲಿ ಕಲಿತು ಅದರಲ್ಲೇ ಪ್ರಶ್ನೆಪತ್ರಿಕೆಯಿಂದ ಹಿಡಿದು ಎಲ್ಲ ಮಾಡುತ್ತಿದ್ದಿರಿ. ನಾನು ಅದನ್ನು ಕಣ್ಣಿನಿಂದ ನೋಡಿದ್ದೇ ಅವತ್ತು. ನನ್ನಿಂದ ಐಡಿ, ಪಾಸ್‌ವರ್ಡ್ ಇಸಿದುಕೊಂಡು ನೀವೇ ತುಂಬಿದಿರಿ. ಎಲ್ಲ ಸರಿಯಾಗಿಯೇ ತುಂಬಿದಿರಿ. ಲೈನ್ ಹತ್ತಲಿಲ್ಲ. ಮತ್ತೆ ಮಾಡಿದಿರಿ, ಹತ್ತಲಿಲ್ಲ. ಆಗ ನಾನು ಆಫೀಸಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಒಬ್ಬ ಅಕ್ಕೋರಿಗೆ ನನಗಿಂತ ಹೆಚ್ಚು ಗೊತ್ತು ಎಂಬುದು ಒಳಗೊಳಗೇ ಚುಚ್ಚುತ್ತಿತ್ತು.

“ನಿಮ್ಮ ಸಿಸ್ಟಮ್‌ನಾಗ ನಮ್ಮ ಲೈನ್ ಹತ್ತೂದಿಲ್ರಿ ಅಕ್ಕೋರ, ವಿಂಡೋಸ್ ಹಾಕಬೇಕ್ರಿ” ಅಂದುಬಿಟ್ಟೆ.

ನೀವು ಒಪ್ಪಿದಿರಿ — ನನ್ನನ್ನು ನಂಬಿ. ಅವ್ವನ ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಲು ಹಚ್ಚಿ, ಸುಮ್ಮನೆ ಕೂತ ನನಗೂ ಕೇಳಲಿ ಎಂದು ಒಂದನ್ನು ಹಚ್ಚಿದಿರಿ. ಅವ್ವ ಹಾಡುತ್ತಿದ್ದರು. ನಡುವೆ ಹಾಡು ನಿಲ್ಲಿಸಿ ಕೊಂಕಣಿಯಲ್ಲಿ ನಿಮ್ಮನ್ನು ಗದರಿದರು. ಫಿಲೂ, ಅನ್ನ ಸೀಯುತ್ತಿದೆ ನೋಡು, ಅಂದರಂತೆ. ನೀವೇ ಕನ್ನಡದಲ್ಲಿ ಹೇಳಿ ನಕ್ಕಿರಿ. ನಕ್ಕವರೇ ಕಣ್ಣೊರೆಸಿಕೊಂಡಿರಿ. ಚಹಾ ಮಾಡಲು ಒಳಗೆ ಹೋಗುವಾಗ ಅಂದಿರಿ:

“ಇಜೆಕ್ಟ್ ಕೊಟ್ಟ ಮ್ಯಾಲ ತಗಿ ಹಾಂ. ಮುಗದೈತಿ ಅಂತ ತೋರಿಸಿದ್ರೂ ಒಳಗ ಇನ್ನೂ ಬರೀತಿರತೈತಿ.”

ಕೇಳಿಸಿತು ನನಗೆ. ಪೂರ್ತಿ ಕೇಳಿಸಿತು. ಕಾಪಿ ಮುಗಿಯಿತು ಎಂದು ತೋರಿಸಿದ್ದೇ ಎಳೆದು ಕಿತ್ತೆ. ನಾನು ಯಾವತ್ತೂ ಹಾಗೇ ಕೀಳುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ತೆರೆದು ಒಂದು ಸಲ ನೋಡಲೂ ಇಲ್ಲ. ನೀವು ಚಹಾ ತರುವಷ್ಟರಲ್ಲಿ ವಿಂಡೋಸ್ ಹಾಕಲೆಂದು ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಲು ಹಚ್ಚಿದ್ದೆ.

ವಿಂಡೋಸ್ ಬಂತು. ಲೈನ್ ಆಗಲೂ ಹತ್ತಲಿಲ್ಲ. ಅಂಗಳಕ್ಕೆ ಹೋಗಿ ಆಫೀಸಿಗೆ ಫೋನ್ ಮಾಡಿದೆ. ನಿಮ್ಮ ಐಡಿಯನ್ನು ಅವರು ಚಾಲೂ ಮಾಡಿಯೇ ಇರಲಿಲ್ಲ. ಎರಡು ನಿಮಿಷದ ಕೆಲಸ. ನಿಮ್ಮ ಲಿನಕ್ಸ್‌ನಲ್ಲೂ ಅಷ್ಟೇ ಸಾಕಿತ್ತು. ಒಳಗೆ ಬಂದು, ನೋಡಿರಿ, ವಿಂಡೋಸ್ ಹಾಕಿದ್ದಕ್ಕೇ ಲೈನ್ ಬಂತು ಅಂದೆ. ಛೀ, ನನ್ನ ಬಾಯಿ ಹೇಗೆ ಹೊರಳಿತೋ!

ಆಮೇಲೆ ಪೆನ್ ಡ್ರೈವ್ ಹಚ್ಚಿದೆ. ಹೆಸರುಗಳಿದ್ದವು — ಅವ್ವ ಹಾಡು, ಅವ್ವ ಕತೆ, ಅವ್ವ ಕ್ರಿಸ್‌ಮಸ್. ಪ್ರತಿಯೊಂದರ ಮುಂದೆ ಗಾತ್ರ ಸೊನ್ನೆ — ಹೆಸರಷ್ಟೇ, ಒಳಗೆ ಏನೂ ಇಲ್ಲ. ಒಂದೊಂದನ್ನೇ ಒತ್ತಿ ನೋಡಿದೆ. ನೀವು ಹಿಂದೆ ನಿಂತು, ಯಾಕೆ ಹಾಡುತ್ತಿಲ್ಲ ಎಂದು ಕೇಳುತ್ತಿದ್ದಿರಿ. ಆಗ ಹೇಳಿದ ಸುಳ್ಳು ಇದು:

“ಆ ಸಿಸ್ಟಮ್‌ನ ಫೈಲು ಇದರಾಗ ಹಾಡೂದಿಲ್ರಿ. ಲಿನಕ್ಸ್ ಇದ್ದಲ್ಲೇ ಹಚ್ಚಬೇಕ್ರಿ.”

ಹೋಯಿತು ಅಂದಿದ್ದರೆ ಅವತ್ತೇ ಅತ್ತು, ನನ್ನನ್ನು ಬೈದು ಹೊರಗೆ ಹಾಕುತ್ತಿದ್ದಿರಿ. ಅಳಿಸಿದ್ದನ್ನು ಹೊರತೆಗೆಯುವವರು ಹುಬ್ಬಳ್ಳಿಯಲ್ಲಿ ಆಗಲೂ ಇದ್ದರು. ಆ ವಾರವೇ ಲ್ಯಾಪ್‌ಟಾಪ್ ಒಯ್ದಿದ್ದರೆ ಒಂದಾದರೂ ಸಿಗುತ್ತಿತ್ತೇನೋ — ಆ ದಾರಿಯನ್ನೂ ನಾನೇ ಮುಚ್ಚಿದೆ. ನೀವು ಪೆನ್ ಡ್ರೈವನ್ನು ಅವ್ವನ ಜಪಮಾಲೆಯ ಡಬ್ಬಿಯಲ್ಲಿ ಇಟ್ಟಿರಿ. ಹಳಿಯಾಳದ ಸಂತೆಯಲ್ಲಿ ಸಿಕ್ಕಾಗಲೆಲ್ಲ, ಲಿನಕ್ಸ್ ಇದ್ದವರು ಯಾರಾದರೂ ಸಿಕ್ಕರೇನು ಎಂದು ಕೇಳುತ್ತಿದ್ದಿರಿ. ಹುಡುಕುತ್ತಿದ್ದೇನೆ ಅನ್ನುತ್ತಿದ್ದೆ. ಆಮೇಲೆ ನಿಮ್ಮ ಸೀರೆಯ ಬಣ್ಣ ದೂರದಿಂದ ಕಂಡರೂ ಬೇರೆ ಓಣಿ ಹಿಡಿದೆ. ಈಗ ನೀವೇ ಆ ಲ್ಯಾಪ್‌ಟಾಪ್ ಕೊಂಡಿದ್ದೀರಿ, ನನ್ನ ಸುಳ್ಳನ್ನು ನಂಬಿ.

ರವಿವಾರ ಲೈನ್ ಹಾಕಲು ಬೇರೆಯವರನ್ನು ಕಳಿಸಿಬಿಡಲೇ ಎಂದು ನಿನ್ನೆ ಯೋಚಿಸಿದೆ. ಲ್ಯಾಪ್‌ಟಾಪಿನದೇ ದೋಷ ಅನ್ನಲೇ ಎಂದೂ ಯೋಚಿಸಿದೆ. ಇದನ್ನೂ ನೀವು ತಿಳಿದಿರಬೇಕು. ಎರಡೂ ನನ್ನಿಂದ ಆಗದು. ನಿಮ್ಮ ಅಕ್ಕ ಅನಮೋಡದ ಘಾಟು ಹತ್ತಿ, ತಾವು ಒಮ್ಮೆಯೂ ಕೇಳದ ಆ ಹಾಡು, ಕತೆಗಳನ್ನು ಅವ್ವನ ದನಿಯಲ್ಲಿ ಕೇಳಲು ಬರುತ್ತಿದ್ದಾರೆ. ಅವರು ಮನೆ ಮುಟ್ಟುವ ಮುಂಚೆ, ನಾಳೆ ಶನಿವಾರ ಶಾಲೆ ಬಿಡುವ ಹೊತ್ತಿಗೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಈ ಕಾಗದವನ್ನು ಕೈಗೆ ಕೊಟ್ಟು ಓಡುವುದಿಲ್ಲ. ನಿಂತು ಬಾಯಿಂದಲೇ ಹೇಳುತ್ತೇನೆ. ಕ್ಷಮಿಸಿರಿ ಎಂದು ಕೇಳುವುದಿಲ್ಲ. ನಿಮ್ಮ ಅಕ್ಕನಿಗೆ ನಾನೇ ಹೇಳಬೇಕು ಅಂದರೆ ರವಿವಾರವೂ ಬರುತ್ತೇನೆ.

ಆ ಒಂದು ಹಾಡು ಇನ್ನೂ ನನ್ನ ಕಿವಿಯಲ್ಲಿದೆ. ಕೊಂಕಣಿ ಬಾರದ ನಾನು ಅದನ್ನು ಹೇಗೆ ಹಿಂದಿರುಗಿಸಲಿ, ಅಕ್ಕೋರೇ. ಜಪಮಾಲೆಯ ಡಬ್ಬಿಯನ್ನು ಇನ್ನು ತೆರೆಯಬೇಡಿರಿ. ಅದರಲ್ಲಿ ಅವ್ವ ಇಲ್ಲ.