ಖಾಲಿ ಕೊಡಬಾರದ ಪಾತ್ರೆ

ಆ ಪಾತ್ರೆಯ ಮುಚ್ಚಳದ ಅಂಚಿನಲ್ಲಿ ಕಡಲೆಕಾಳಿನಷ್ಟು ಜಾಗದಲ್ಲಿ ಬಿಳಿ ಬಣ್ಣ ಹಾರಿಹೋಗಿ ಕಪ್ಪು ಕಬ್ಬಿಣ ಕಾಣುತ್ತಿತ್ತು. ಉಳಿದಂತೆ ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ಚೆಂದದ ಪಾತ್ರೆ ಬೇರೆ ಇರಲಿಲ್ಲ. ಬಿಳಿ ಎನಾಮೆಲ್, ನೀಲಿ ಅಂಚು, ಎರಡು ಪುಟ್ಟ ಕಿವಿ. ಆದರೂ ಅದರಲ್ಲಿ ಯಾರೂ ಏನನ್ನೂ ಬಡಿಸಿದ್ದನ್ನು ನಾನು ಕಂಡಿರಲಿಲ್ಲ. ಮೇಲಿನ ಹಲಗೆಯಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಅದು ಕೂತಿರುತ್ತಿತ್ತು. ಅಜ್ಜಿ ಆಗಾಗ ಅದನ್ನು ಇಳಿಸಿ, ತೊಳೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು.

ಆಗೆಲ್ಲ ಕಾಪುವಿನ ನಮ್ಮ ಓಣಿಯಲ್ಲಿ ಮನುಷ್ಯರಿಗಿಂತ ಹೆಚ್ಚು ಪಾತ್ರೆಗಳೇ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಒಂದು ಮನೆಯಲ್ಲಿ ಪತ್ರೊಡೆ ಮಾಡಿದರೆ ನಾಲ್ಕು ಮನೆಗೆ ಗೊತ್ತಾಗುತ್ತಿತ್ತು. ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸಾರು ತುಳುಕದಂತೆ ಮರಳಿನ ಮೇಲೆ ನಡೆದ ನೆನಪು ನಿಮಗೂ ಇರಬಹುದು. ಬಂದ ಪಾತ್ರೆಯನ್ನು ಯಾರೂ ಖಾಲಿ ಹಿಂದಿರುಗಿಸುತ್ತಿರಲಿಲ್ಲ. ಏನೂ ಇಲ್ಲದ ದಿನ ಒಂದು ತುಂಡು ಬೆಲ್ಲವಾದರೂ ಒಳಗಿರಬೇಕಿತ್ತು. ಯಾಕೆ ಎಂದು ಕೇಳಿದರೆ ದೊಡ್ಡವರು, “ಖಾಲಿ ಕೊಡ್ಲಿಕ್ಕಿಲ್ಲ” ಎಂದಷ್ಟೇ ಹೇಳುತ್ತಿದ್ದರು. ನನಗೆ ಆ ಉತ್ತರ ಸಾಲುತ್ತಿರಲಿಲ್ಲ.

ನಾನು ಐದನೇ ತರಗತಿ ಮುಗಿಸಿದ ಬೇಸಗೆಯಲ್ಲಿ ಮಣಿಪಾಲದಿಂದ ಒಬ್ಬ ಕಲಾವಿದೆ ನಮ್ಮ ಶಾಲೆಗೆ ಬಂದರು. ಇಂಡೋನೇಷ್ಯಾದವರು, ಹೆಸರು ರತ್ನಾ. ನಮ್ಮ ಓಣಿಯಲ್ಲೇ ಇಬ್ಬರು ರತ್ನಕ್ಕಂದಿರಿದ್ದ ಕಾರಣ ದೂರದ ದೇಶದವರು ಎಂದು ನಂಬಲು ನಮಗೆ ಕಷ್ಟವಾಯಿತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಡ್ರಾಯಿಂಗ್ ಮಾಸ್ಟ್ರು ನಮಗೆ ತಿಳಿಸುತ್ತಿದ್ದರು. ಶಾಲೆಯ ಸಭಾಂಗಣದ ಉದ್ದಕ್ಕೂ ಒಂದು ಬಿಳಿ ಬಟ್ಟೆ ಹಾಸಿದ್ದರು. ಪ್ರತಿ ಮಗುವೂ ತನ್ನ ಮನೆಯಿಂದ ಬೇರೆ ಮನೆಗೆ ತಿಂಡಿ ಹೋಗುವ ಒಂದು ಪಾತ್ರೆ ತಂದು ಬಟ್ಟೆಯ ಮೇಲೆ ಅದರ ಚಿತ್ರ ಬರೆಯಬೇಕು. ಕೊನೆಯ ದಿನ ಮನೆಯವರು ಅದೇ ಪಾತ್ರೆ ತುಂಬ ತಿಂಡಿ ತಂದು ಅದರ ಚಿತ್ರದ ಮೇಲೆ ಇಡಬೇಕು. ಇಡೀ ಓಣಿ ಸುತ್ತ ಕೂತು ಹಂಚಿ ಉಣ್ಣಬೇಕು.

ಅಜ್ಜಿ ಕಡಲ ಬದಿಯಲ್ಲಿ ಮೀನು ಒಣಗಿಸಲು ಹೋಗಿದ್ದರು. ಅಮ್ಮ ಒಲೆಯ ಎದುರಿನಿಂದಲೇ, “ಒಡೆಯದ್ದು ಯಾವುದಾದರೂ ತೆಗೊಂಡು ಹೋಗು” ಎಂದರು. ನಾನು ಸ್ಟೂಲು ಹತ್ತಿ ನೀಲಿ ಅಂಚಿನದನ್ನು ಇಳಿಸಿದೆ.

ಅದನ್ನು ಕಂಡು ರತ್ನಾ ನೆಲಕ್ಕೇ ಕೂತರು. ಅವರ ಅಜ್ಜಿಯ ಮನೆಯಲ್ಲೂ ಇಂಥದ್ದೇ ಎನಾಮೆಲ್ ಪಾತ್ರೆಗಳಿದ್ದವಂತೆ. ಹಬ್ಬದ ಅಡುಗೆ ಅವುಗಳಲ್ಲೇ ನೆರೆಮನೆಗೆ ಹೋಗುತ್ತಿತ್ತಂತೆ. ನಾನು ಸಾಮಾನ್ಯವಾಗಿ ತರಗತಿಯಲ್ಲಿ ಬಾಯಿ ತೆರೆಯುವವಳಲ್ಲ. ಆ ದಿನ ಮಾತ್ರ ಮಾಸ್ಟ್ರ ಹತ್ತಿರ ಹೋಗಿ, ಅವರ ಊರಿನಲ್ಲಿ ಪಾತ್ರೆ ಖಾಲಿ ಹಿಂದೆ ಕೊಡುತ್ತಾರಾ ಎಂದು ಕೇಳಿಸಿದೆ. ರತ್ನಾ ಅಂಗೈ ಆಡಿಸಿ ಇಲ್ಲ ಎಂದರು. ಯಾಕಂತೆ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ನಾನು ಪಾತ್ರೆಯ ಚಿತ್ರ ಬರೆದೆ. ಮುಚ್ಚಳದ ಅಂಚಿನ ಕಪ್ಪು ಕಲೆಯನ್ನೂ ಬಿಡದೆ, ಅಳತೆ ನೋಡಿ, ಅದೇ ಜಾಗದಲ್ಲಿ ತುಂಬಿಸಿದೆ.

ಸಂಜೆ ನನ್ನ ಕೈಯಲ್ಲಿ ಪಾತ್ರೆ ಕಂಡ ಅಜ್ಜಿ ಮೀನಿನ ಬುಟ್ಟಿಯನ್ನು ಕೆಳಗಿಡುವುದನ್ನೇ ಮರೆತರು.

“ಅದು ನಮ್ಮದಲ್ಲ ಮಗಾ.”

“ಮತ್ತೆ ಯಾರದ್ದು?”

“ಲಿಲ್ಲಿ ಬಾಯಿಯದ್ದು.”

ಲಿಲ್ಲಿ ಬಾಯಿಯ ಮನೆ ರಸ್ತೆಯ ಆಚೆ ಬದಿಗಿತ್ತು. ಅಂಗಳ ತುಂಬ ಮಲ್ಲಿಗೆ ಬೆಳೆಸಿ, ದಿನಾ ಮುಂಜಾನೆ ಮೊಗ್ಗು ಕೊಯ್ದು ಕಟ್ಟಿ ಪೇಟೆಗೆ ಕಳಿಸುವ ಕ್ರಿಶ್ಚಿಯನ್ ಹೆಂಗಸು. ನಮ್ಮ ಮನೆಗೂ ಅವರ ಮನೆಗೂ ಜಗಳವಿರಲಿಲ್ಲ. ಆದರೆ ಅವರ ಮನೆಗೆ ನಮ್ಮಲ್ಲಿಂದ ಏನೂ ಹೋಗುತ್ತಿರಲಿಲ್ಲ, ಅಲ್ಲಿಂದ ಏನೂ ಬರುತ್ತಿರಲಿಲ್ಲ. ರಸ್ತೆಯಲ್ಲಿ ಸಿಕ್ಕಿದರೆ ಇಬ್ಬರೂ ಬಿಸಿಲಿನ ವಿಷಯ ಮಾತಾಡಿ ಮುಂದೆ ಹೋಗುತ್ತಿದ್ದರು.

ಅಜ್ಜಿ ಅಂದು ಹೇಳಿದ್ದು ಇಷ್ಟು. ನಾನು ತೀರಾ ಚಿಕ್ಕವಳಿದ್ದಾಗ, ಲಿಲ್ಲಿ ಬಾಯಿ ತಮ್ಮ ತೆನೆ ಹಬ್ಬದ ಮಧ್ಯಾಹ್ನ ಆ ಪಾತ್ರೆಯಲ್ಲಿ ಹೆಸರುಬೇಳೆ ಪಾಯಸ ಕಳಿಸಿದ್ದರು. ಅದೇ ಸಂಜೆ ಅಜ್ಜ ತೀರಿಕೊಂಡರು. ಸೂತಕದ ಮನೆಯಿಂದ ತಿಂಡಿ ಹೊರಗೆ ಕೊಡುವಂತಿಲ್ಲ. ಸೂತಕ ಕಳೆದರೂ ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಹಬ್ಬವಿಲ್ಲದೆ ಹಬ್ಬದ ಪಾತ್ರೆಗೆ ಏನು ತುಂಬುವುದು? ವರ್ಷ ಕಳೆದ ಮೇಲೆ, ಇಷ್ಟು ತಡವಾಗಿ ಬರೀ ಬೆಲ್ಲ ಹಾಕಿ ಕೊಡಲು ನಾಚಿಕೆ. ಏನಾದರೂ ದೊಡ್ಡದು ಮಾಡಿ ಕೊಡುವ ಎಂದು ಕಾದರು. ಕಾದಷ್ಟೂ ಕೊಡಬೇಕಾದದ್ದು ದೊಡ್ಡದಾಗುತ್ತಾ ಹೋಯಿತು.

“ಅವರು ಕೇಳಲಿಲ್ವಾ?”

“ಕೊಟ್ಟ ಪಾತ್ರೆ ಯಾರಾದರೂ ಕೇಳ್ತಾರಾ?” ಎಂದರು ಅಜ್ಜಿ. ಆಮೇಲೆ ತಮ್ಮಷ್ಟಕ್ಕೇ, “ಮರುವರ್ಷದ ಹಬ್ಬಕ್ಕೆ ಪಾಯಸ ಬರಲಿಲ್ಲ. ಸಿಟ್ಟು ಬಂದಿರಬೇಕು” ಎಂದರು.

ಈಗ ಆ ಪಾತ್ರೆಯ ಚಿತ್ರ ಎಲ್ಲರಿಗೂ ಕಾಣುವಂತೆ ಬಟ್ಟೆಯ ಮೇಲಿತ್ತು. ಕೊನೆಯ ದಿನ ಲಿಲ್ಲಿ ಬಾಯಿ ಬಂದೇ ಬರುತ್ತಾರೆ. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಮ್ಮೆ ಕೋಳಿಸುಕ್ಕ ಎಂದರು, ಒಮ್ಮೆ ಹೋಳಿಗೆ ಎಂದರು. “ಎಂತ ಮಾಡಿದರೂ ಇಷ್ಟು ವರ್ಷಕ್ಕೆ ಸಾಲುವುದಿಲ್ಲ.”

ಅಮ್ಮನಿಗೆ ಕೊನೆಗೆ ತಡೆಯಲಾಗಲಿಲ್ಲ. “ಅಷ್ಟು ವರ್ಷದ್ದು ಆ ಪಾತ್ರೆಯಲ್ಲಿ ಹಿಡಿಯುವುದೂ ಇಲ್ಲ ಅತ್ತೆ. ಒಂದು ಹೊತ್ತಿನದ್ದು ಹಾಕಿ, ಸಾಕು.”

ಕೊನೆಯ ದಿನ ನಾನು ಶಾಲೆಗೆ ಹೊರಟಾಗ ಅಜ್ಜಿ, “ನೀನು ಹೋಗು, ನಾನು ಬರುವುದು ನಂಬಬೇಡ” ಎಂದರು.

ಸಭಾಂಗಣದಲ್ಲಿ ಬಟ್ಟೆಯ ಮೇಲಿನ ಚಿತ್ರಗಳು ಒಂದೊಂದಾಗಿ ಪಾತ್ರೆಗಳ ಅಡಿ ಮುಚ್ಚಿಹೋದವು. ತೆಂಗಿನೆಣ್ಣೆ, ತುಪ್ಪ, ಹುರಿದ ಮಸಾಲೆಯ ವಾಸನೆಗಳು ಒಂದರ ಮೇಲೊಂದು ಬರುತ್ತಿದ್ದವು. ಯಾವ ಮುಚ್ಚಳದ ಅಡಿಯಲ್ಲಿ ಏನಿದೆ ಎಂದು ಊಹಿಸುತ್ತಾ ನಾನು ಬಟ್ಟೆಯ ಅಂಚಿನಲ್ಲೇ ಸುತ್ತುತ್ತಿದ್ದೆ. ಲಿಲ್ಲಿ ಬಾಯಿ ಸ್ಟೀಲ್ ಡಬ್ಬಿಯಲ್ಲಿ ಇಡ್ಲಿಯಂಥ ಸನ್ನ ತಂದಿದ್ದರು. ಅದನ್ನು ಇಟ್ಟು ಏಳುವಾಗ ಅವರ ಕಣ್ಣು ನನ್ನ ಚಿತ್ರದ ಮೇಲೆ ಬಿತ್ತು. ಬಗ್ಗಿ, ಕಪ್ಪು ಕಲೆಯ ಮೇಲೆ ಬೆರಳಿಟ್ಟರು.

“ಇದು ಯಾರು ಬರೆದದ್ದು?”

“ನಾನು” ಎಂದೆ.

“ಕಲ್ಯಾಣಿಯಕ್ಕನ ಮೊಮ್ಮಗಳಲ್ವಾ ನೀನು?” ಎಂದರು. ಹಾಗೆಂದವರು ತಮ್ಮ ಜಾಗಕ್ಕೆ ಹೋಗದೆ ಅಲ್ಲೇ ನಿಂತರು. ಇಡೀ ಬಟ್ಟೆಯಲ್ಲಿ ಅದೊಂದೇ ಚಿತ್ರ ಖಾಲಿ ಉಳಿದಿತ್ತು.

ಮೊದಲು ಬಂದದ್ದು ವಾಸನೆ. ತೇಗದ ಎಲೆಯಲ್ಲಿ ಬೆಂದ ಹಲಸಿನ ಹಣ್ಣಿನ ಕಡುಬಿನದು, ನಮ್ಮಲ್ಲಿ ಗಟ್ಟಿ ಎನ್ನುವುದು. ಅಜ್ಜಿ ಒಳ್ಳೆಯ ಸೀರೆ ಉಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಚಿತ್ರದ ಮೇಲೆ ಇಡಲಿಲ್ಲ. ನೇರ ಲಿಲ್ಲಿ ಬಾಯಿಯ ಮುಂದೆ ನಿಂತರು.

“ಖಾಲಿ ಕೊಡ್ಲಿಕ್ಕೆ ಮನಸ್ಸಾಗಲಿಲ್ಲ ಬಾಯಿ. ಹಾಗೆ ತಡವಾಯಿತು.”

ಲಿಲ್ಲಿ ಬಾಯಿ ಮುಚ್ಚಳ ತೆಗೆದು ನೋಡಿದರು. “ತುಂಬಿಸ್ಲಿಕ್ಕೆ ಇಷ್ಟು ವರ್ಷ ಬೇಕಾಯಿತಾ ಮಾರಾಯ್ತಿ? ಹಲಸಿನ ಮರ ನೆಟ್ಟು ಕಾದದ್ದಾ?”

ಸುತ್ತಲಿದ್ದವರು ನಕ್ಕರು. ಲಿಲ್ಲಿ ಬಾಯಿ ಮಾತ್ರ ನಗಲಿಲ್ಲ. ದನಿ ತಗ್ಗಿಸಿ, “ನಾನು ಬೇರೆ ಎಣಿಸಿದ್ದೆ ಅಕ್ಕ. ನನ್ನ ಪಾಯಸ ಬಂದ ದಿನವೇ ಹಾಗಾಯಿತಲ್ಲ. ನನ್ನ ಕೈಯದ್ದು ನಿಮಗೆ ಆಗಿಬರಲಿಲ್ಲ ಅಂತ ನೀವು ಹೇಳಿಕೊಂಡಿರಬಹುದು ಅಂತ. ಆಮೇಲೆ ಕಳಿಸ್ಲಿಕ್ಕೆ ಹೆದರಿಕೆ” ಎಂದರು.

“ಎಂತ ಮಾತು ಬಾಯಿ ಇದು. ನಮ್ಮವರು ಎರಡು ಸಲ ಹಾಕಿಸಿಕೊಂಡು ತಿಂದಿದ್ದಾರೆ. ಕಡೆಗೆ ಅವರ ಹೊಟ್ಟೆಗೆ ಹೋದದ್ದು ಅದೇ. ಒಳ್ಳೆ ಸಿಹಿ ಉಂಟು, ಲಿಲ್ಲಿಗೆ ಹೇಳು ಅಂದಿದ್ದರು. ಆ ಮಾತೂ ನನ್ನ ಹತ್ತಿರವೇ ಉಳಿಯಿತು.”

ಲಿಲ್ಲಿ ಬಾಯಿ ಪಾತ್ರೆಯನ್ನು ಚಿತ್ರದ ಮೇಲಿಟ್ಟು, ಅದರ ಪಕ್ಕದಲ್ಲೇ ಕೂತರು. ಅಜ್ಜಿಯೂ ಕೂತರು. ರತ್ನಾ ಏನಾಯಿತು ಎಂದು ಮಾಸ್ಟ್ರನ್ನು ಕೇಳಿದರು. ಮಾಸ್ಟ್ರು ಸ್ವಲ್ಪ ಯೋಚಿಸಿ, ಅದು ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ ಎಂದರು.

ಅಜ್ಜಿ ಈಗಿಲ್ಲ. ಲಿಲ್ಲಿ ಬಾಯಿಯ ಅಂಗಳದಲ್ಲಿ ಮಲ್ಲಿಗೆಯೂ ಇಲ್ಲ. ಆ ಬಟ್ಟೆ ಎಲ್ಲಿ ಹೋಯಿತೆಂದು ಮಣಿಪಾಲದಲ್ಲಿ ಓದುವಾಗ ವಿಚಾರಿಸಿದ್ದೆ, ಯಾರಿಗೂ ತಿಳಿದಿರಲಿಲ್ಲ. ನಮ್ಮ ಓಣಿಯಲ್ಲಿ ತಿಂಡಿ ಹಂಚುವುದು ಇಂದಿಗೂ ನಿಂತಿಲ್ಲ. ಅದು ಹೋಟೆಲಿನ ಪಾರ್ಸೆಲ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಕೊಡುವವರು ಬಾಗಿಲಲ್ಲೇ, “ಡಬ್ಬಿ ವಾಪಸ್ ಬೇಡ” ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನಾನೂ ಹಾಗೆ ಹೇಳಿದ್ದೇನೆ. ಹಿಂದಿರುಗಿಸಲು ಏನೂ ಇಲ್ಲದ ಮೇಲೆ ರಸ್ತೆ ದಾಟಲು ಕಾರಣವೂ ಉಳಿಯುವುದಿಲ್ಲ. ಕಳೆದದ್ದನ್ನು ಅಳೆಯಲು ನನಗೆ ಸಿಕ್ಕ ಅಳತೆ ಆ ರಸ್ತೆಯ ಅಗಲ.

ಆ ದಿನ ಊಟ ಮುಗಿದು ಹೊರಡುವಾಗ ಲಿಲ್ಲಿ ಬಾಯಿ ಉಳಿದ ಸನ್ನಗಳ ಸ್ಟೀಲ್ ಡಬ್ಬಿಯನ್ನು ಅಜ್ಜಿಯ ಕೈಗೆ ತುರುಕಿದ್ದರು. ಮರುದಿನ ಬೆಳಿಗ್ಗೆ ಅದು ಖಾಲಿಯಾಗಿ ಒಲೆಯ ಪಕ್ಕದಲ್ಲಿತ್ತು. ಅಜ್ಜಿ ಬಾವಿಕಟ್ಟೆಯಿಂದಲೇ ಅಮ್ಮನಿಗೆ, “ಆ ಡಬ್ಬಿ ಮೇಲೆ ಇಡು. ನಾಡಿದ್ದು ಒಳ್ಳೆ ಅಂಜಲ್ ಮೀನು ಸಿಕ್ಕಿದರೆ ಏನಾದರೂ ಮಾಡಿ ಕೊಡುವ” ಎನ್ನುತ್ತಿದ್ದರು. ನಾನು ಡಬ್ಬಿ ತೊಳೆದೆ, ಒರೆಸಿದೆ, ಒಳಗೆ ಒಂದು ತುಂಡು ಬೆಲ್ಲ ಹಾಕಿದೆ. ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ರಸ್ತೆ ದಾಟಿದೆ.