ಅಕ್ಕನ ಮಗಳಿಗೆ ಚರ್ಮ ಕೊಡಲು ಹೋದದ್ದು

ಮ್ಯಾನ್‌ಹ್ಯಾಟನ್ನಿನ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ನಾನಿದ್ದೆ. ಯಾವುದು ಮುಳುಗಬಹುದು, ಯಾವುದು ತೇಲಬಹುದು ಎಂದು ಮೊದಲೇ ಹೇಳುವುದು ನನ್ನ ಕೆಲಸ. ೨೦೦೮ರ ಕೊನೆಯ ಹೊತ್ತಿಗೆ ಬ್ಯಾಂಕಿನವರು ನಮ್ಮ ವಿಭಾಗವನ್ನೇ ಮುಚ್ಚಿದರು. ಇಡೀ ಮಹಡಿಯಲ್ಲಿ ಆ ಸುದ್ದಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೆ. ಅವತ್ತು ಬೆಳಿಗ್ಗೆ ತಾನೇ ಬೆನ್ನುನೋವೆಂದು ಹೊಸ ಕುರ್ಚಿ ಕೇಳಿದ್ದೆ.

ಆಮೇಲೆ ನದಿಯ ಈಚೆ, ಹ್ಯಾರಿಸನ್‌ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ನಿಂತು, ಸ್ಟೇಷನ್ನಿನ ಕಡೆ ಓಡುವವರನ್ನು ನೋಡುವುದು ದಿನಚರಿಯಾಯಿತು. ಹೆಂಡತಿ ಕೆಲಸಕ್ಕೆ ಹೊರಡುವಾಗ ಒಗೆಯುವ ಬಟ್ಟೆಯ ಬುಟ್ಟಿಯನ್ನು ಕಣ್ಣಲ್ಲೇ ತೋರಿಸಿ ಹೋಗುತ್ತಿದ್ದಳು. ಹೀಗಿರುವಾಗ ಸಿಟಿಯ ಇನ್ನೊಂದು ಬದಿಯ ಊರು ಜೆರಿಕೋದಿಂದ ಅಕ್ಕ ಫೋನ್ ಮಾಡಿದಳು.

"ಹೇಗೂ ಮನೇಲೇ ಇದ್ದೀಯಲ್ಲ, ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರ್ತೀಯೇನೋ? ನಿಮ್ಮ ಭಾವನಿಗೆ ರಜ ಕೇಳೋಕೆ ಭಯ. ಅವರ ಆಫೀಸಲ್ಲೂ ಜನಾನ ತೆಗೀತಿದಾರೆ. ನಾನು ಸಿಟಿ ಒಳಗೆ ಡ್ರೈವ್ ಮಾಡಲಾರೆ."

'ಹೇಗೂ ಮನೇಲೇ' ಎಂಬುದು ಚುಚ್ಚಿತು. ಆದರೂ ಯಾರೋ ಒಬ್ಬರಿಗೆ ನಾನು ಬೇಕಾಗಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ.

ಅಕ್ಕನ ಒಬ್ಬಳೇ ಮಗಳಿಗೆ ಆಗ ಹದಿನೇಳು. ಹುಟ್ಟಿದಾಗಿನಿಂದ ಅವಳ ಚರ್ಮ ಮೈಗೆ ಸರಿಯಾಗಿ ಅಂಟಿಕೊಂಡಿಲ್ಲ. ಮೇಲಿನ ಪದರವನ್ನು ಕೆಳಗಿನದಕ್ಕೆ ಹಿಡಿದಿಡುವ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನ್ ಅವಳಲ್ಲಿ ಕೆಟ್ಟಿದೆ. ಅಂಗಿಯ ಹೊಲಿಗೆ ಉಜ್ಜಿದರೆ ಬೊಕ್ಕೆ, ಬೊಕ್ಕೆ ಒಡೆದರೆ ಹುಣ್ಣು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಬಿಡುತ್ತಿದ್ದವು. ಬೆನ್ನಿನ ಮೇಲೊಂದು ದೊಡ್ಡ ಹುಣ್ಣಿದ್ದುದರಿಂದ ಯಾವಾಗಲೂ ಮಗ್ಗುಲಾಗಿಯೇ ಮಲಗಬೇಕಿತ್ತು. ಗಂಟಲಿನಲ್ಲೂ ಗಾಯವಾಗುತ್ತಿದ್ದುದರಿಂದ ಅನ್ನವನ್ನು ಗಂಜಿಯಂತೆ ಹಿಸುಕಿ ಕೊಡಬೇಕು. ದಿನವೂ ಬ್ಯಾಂಡೇಜ್ ಬಿಚ್ಚಿ, ತೊಳೆದು, ಮತ್ತೆ ಸುತ್ತುವುದರಲ್ಲಿ ತಾಯಿ ಮಗಳ ಅರ್ಧ ಬೆಳಗು ಮುಗಿಯುತ್ತಿತ್ತು. ಇಂಥ ವಾಸಿಯಾಗದ ಹುಣ್ಣುಗಳಲ್ಲಿ ವಯಸ್ಸಿಗೆ ಬರುತ್ತಿದ್ದಂತೆ ಕ್ಯಾನ್ಸರ್ ಹುಟ್ಟುವ ಅಪಾಯವಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಅವಳ ಮೊಣಕಾಲಿನ ಕೆಳಗಿನ ಒಂದು ಹುಣ್ಣು ಬೇಸಿಗೆಯಿಂದಲೂ ಮಾಯ್ದಿರಲಿಲ್ಲ.

ಮೊದಲ ದಿನ ಟೈ ಕಟ್ಟಿಕೊಂಡು ಹೋದೆ. ಹುಡುಗಿ ಬಾಗಿಲು ತೆರೆದು ಮೇಲಿಂದ ಕೆಳಗೆ ನೋಡಿದಳು.

"ಮಾವ, ಯಾರಾದರೂ ಸತ್ರಾ?"

ಡ್ರೈವರ್ ಕೆಲಸವಷ್ಟೇ ಮಾಡಿ ಸುಮ್ಮನಿರಬಹುದಿತ್ತು. ಆದರೆ ವರ್ಷಗಟ್ಟಲೆ ಮೀಟಿಂಗುಗಳಲ್ಲಿ ಮಾತಾಡಿದ ಬಾಯಿ ಸುಮ್ಮನಿರುತ್ತದೆಯೇ? ಈ ಕಾಯಿಲೆಗೆ ಜೀನ್ ಥೆರಪಿ ಹುಡುಕುತ್ತಿದ್ದಾರೆಂದು ತಿಳಿದದ್ದೇ ತಡ, ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಅರ್ಥವಾದದ್ದು ಕಾಲು ಭಾಗ, ಆತ್ಮವಿಶ್ವಾಸ ಮಾತ್ರ ಪೂರ್ತಿ. ಒಂದು ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸ್ಲೈಡ್ ಶೋ ಮಾಡಿದೆ. ಬಾಣದ ಗುರುತುಗಳೆಲ್ಲ ಬ್ಯಾಂಕಿನಲ್ಲಿ ಬಳಸುತ್ತಿದ್ದವೇ.

"ಇವಳ ಚರ್ಮದ ಕೋಶಗಳನ್ನು ತೆಗೀತಾರೆ. ಒಂದು ವೈರಸ್ಸಿನ ಮೂಲಕ ಒಳ್ಳೆಯ ಜೀನನ್ನ ಅವುಗಳ ಒಳಕ್ಕೆ ಕಳಿಸ್ತಾರೆ," ಎಂದೆ.

"ವೈರಸ್ಸಾ?" ಅಕ್ಕ ಸಾರಿನ ಸೌಟು ಕೆಳಗಿಟ್ಟಳು. "ಇರೋ ಕಾಯಿಲೆ ಸಾಲದಾ?"

"ರೋಗ ಬರಿಸೋ ಭಾಗವನ್ನ ತೆಗೆದಿರ್ತಾರೆ ಅಕ್ಕ. ಬರೀ ಸಾಮಾನು ಹೊರೋಕೆ. ಆಮೇಲೆ ಆ ಕೋಶಗಳನ್ನ ಹಾಳೆ ಹಾಗೆ ಬೆಳೆಸಿ ಹುಣ್ಣಿನ ಮೇಲೆ ಹೊಲೀತಾರೆ. ಹುಣ್ಣೇ ಇಲ್ಲದಿದ್ರೆ ಕ್ಯಾನ್ಸರ್ ಎಲ್ಲಿಂದ ಬರುತ್ತೆ?"

ಭಾವ ತಲೆಯಾಡಿಸಿದರು. ಹುಡುಗಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಇದು ಮನುಷ್ಯರಿಗೆ ಮಾಡಿದಾರಾ?"

ನಾನು ಮುಂದಿನ ಸ್ಲೈಡಿಗೆ ಹೋದೆ.

ಮುಂದಿನ ಭೇಟಿಯಲ್ಲಿ ಡಾಕ್ಟರು ಆ ಹುಣ್ಣನ್ನು ನೋಡಿ, ಅದರ ಚೂರು ತೆಗೆದು ಪರೀಕ್ಷಿಸಬೇಕು ಎಂದರು. ಆಕೆ ನರೆಗೂದಲಿನ, ಮೆಲುದನಿಯ ಹೆಂಗಸು. ಆಸ್ಪತ್ರೆಯ ಲ್ಯಾಬಿನಲ್ಲಿ ಇದೇ ಸಂಶೋಧನೆಯನ್ನೂ ಮಾಡುತ್ತಿದ್ದರು. ಹುಡುಗಿಯ ಮುಖ ಬಿಳಿಚಿಕೊಂಡಿದ್ದು ಕಂಡು ನಾನು ಎದ್ದು ನಿಂತೆ.

"ನನ್ನ ಚರ್ಮ ತಗೊಳ್ಳಿ," ಎಂದೆ. "ಆರೋಗ್ಯವಾಗಿದೆ, ಬೇಕಾದಷ್ಟಿದೆ." ಬ್ಯಾಂಕಿನ ಕುರ್ಚಿಯಲ್ಲಿ ಬೆಳೆದ ಹೊಟ್ಟೆಯನ್ನು ತಟ್ಟಿ ತೋರಿಸಿದೆ ಕೂಡ.

ಡಾಕ್ಟರು ನಗಲಿಲ್ಲ. ಬೇರೆಯವರ ಚರ್ಮವನ್ನು ಮೈ ಒಪ್ಪುವುದಿಲ್ಲ, ಕೆಲವೇ ವಾರಗಳಲ್ಲಿ ಕಳಚಿ ಹಾಕುತ್ತದೆ, ಅದಕ್ಕೇ ಅವಳದೇ ಕೋಶಗಳನ್ನು ಸರಿಪಡಿಸಲು ಇಷ್ಟು ಒದ್ದಾಡುತ್ತಿದ್ದೇವೆ ಎಂದು ತಾಳ್ಮೆಯಿಂದ ಹೇಳಿದರು. ಇದು ನನ್ನ ಸ್ಲೈಡುಗಳಲ್ಲೇ ಇತ್ತು. ನಾನೇ ಬರೆದದ್ದು.

ಪಾಪ ಅನ್ನಿಸಿತೋ ಏನೋ, ಆಕೆ ಮುಂದುವರಿಸಿದರು. "ನೀವು ಅವಳ ತಾಯಿಯ ಒಡಹುಟ್ಟಿದವರು. ಲ್ಯಾಬಿನಲ್ಲಿ ಹೋಲಿಸಿ ನೋಡಲು ನಿಮ್ಮ ಚರ್ಮದ ಒಂದು ಸಣ್ಣ ಚೂರು, ಸ್ವಲ್ಪ ರಕ್ತ ಕೊಟ್ಟರೆ ಉಪಯೋಗವಾಗುತ್ತದೆ."

ಹುಡುಗಿಯ ಕಡೆ ತಿರುಗಿ, "ನೋಡು, ಮೊದಲು ನಾನು. ಇದರಲ್ಲಿ ಹೆದರೋದಕ್ಕೆ ಏನಿಲ್ಲ," ಎಂದು ಅಂಗಿಯ ತೋಳು ಮಡಿಚಿದೆ.

ಅಷ್ಟೇ ನೆನಪು. ಸೂಜಿ ಚುಚ್ಚುವುದಕ್ಕೂ ಮೊದಲೇ ಬಿದ್ದೆನಂತೆ. ಕಣ್ಣು ಬಿಟ್ಟಾಗ ಕಾಲಿನ ಕೆಳಗೆ ದಿಂಬು, ಟೈ ಸಡಿಲಾಗಿದೆ, ಬ್ಯಾಂಡೇಜ್ ಸುತ್ತಿದ ಎರಡು ಕೈಗಳ ನಡುವೆ ಜ್ಯೂಸ್ ಲೋಟ ಹಿಡಿದು ಅಕ್ಕನ ಮಗಳು ಪಕ್ಕದಲ್ಲಿ ಕೂತಿದ್ದಾಳೆ.

"ನಿಧಾನ ಕುಡಿ ಮಾವ. ಸೂಜಿ ನೋಡಬೇಡ, ಗೋಡೆ ನೋಡು. ನಾನು ಚಿಕ್ಕವಳಿದ್ದಾಗಿಂದ ಹಾಗೇ ಮಾಡೋದು."

ಗೋಡೆ ನೋಡುತ್ತಾ ಚರ್ಮ ಕೊಟ್ಟೆ. ಆಮೇಲೆ ಅವಳ ಸರದಿ. ಅವಳು ಒಂದು ಸದ್ದೂ ಮಾಡಲಿಲ್ಲ. ವಾಪಸು ಬರುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳು ನಿಂತೇಬಿಟ್ಟಿದ್ದವು. ಅದನ್ನು ಬಿಟ್ಟು ಇಳಿದು, ದಾರಿಯ ಬೆಲ್‌ರೋಸ್‌ನ ಇಂಡಿಯನ್ ಅಂಗಡಿಯಿಂದ ಅವಳಿಗೆ ಕುಲ್ಫಿ ಕೊಡಿಸಿದೆ. ಅವಳ ಗಂಟಲಿಗೆ ತಣ್ಣಗಿನದು ಹಿತ. "ಅಮ್ಮನಿಗೆ ನೀನು ಬಿದ್ದಿದ್ದು ಹೇಳಲ್ಲ," ಎಂದಳು. ಮನೆ ಸೇರಿದ ಕೂಡಲೇ ಹೇಳಿದಳು.

ಎರಡು ಫಲಿತಾಂಶಗಳೂ ಸುಮಾರು ಒಂದೇ ಹೊತ್ತಿಗೆ ಬಂದವು. ಅವಳ ಹುಣ್ಣಿನಲ್ಲಿ ಕ್ಯಾನ್ಸರ್ ಶುರುವಾಗಿತ್ತು. ಇನ್ನೂ ಹರಡಿದಂತೆ ಕಾಣಲಿಲ್ಲ. ಇನ್ನು ನನ್ನ ಆರೋಗ್ಯವಂತ ಚರ್ಮದ ಕತೆ: ಅದೇ ಕೆಟ್ಟ ಜೀನಿನ ಒಂದು ಪ್ರತಿ ನನ್ನಲ್ಲೂ ಇತ್ತು. ಇನ್ನೊಂದು ಪ್ರತಿ ಸರಿಯಿದ್ದುದರಿಂದ ನನಗೇನೂ ಆಗಿರಲಿಲ್ಲ. ನಲವತ್ತು ವರ್ಷ ಅದನ್ನು ಹೊತ್ತು ತಿರುಗಿದ್ದರೂ ರಿಸ್ಕ್ ಪಂಡಿತನಿಗೆ ಸುಳಿವೇ ಸಿಕ್ಕಿರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಸಿಂಕಿನ ಅಂಚು ಹಿಡಿದು ನಿಂತಿದ್ದಳು. ಏನು ಹೇಳಬೇಕೋ ತೋಚದೆ ನನ್ನ ವಿಷಯ ಹೇಳಿಬಿಟ್ಟೆ.

"ನಿನಗೂ ಇದೆಯಾ?" ಅಕ್ಕ ತಿರುಗಿದಳು.

ಭಾವ ನಮ್ಮ ಸೋದರತ್ತೆಯ ಮಗ. ಜೀನ್ ಎರಡೂ ಕಡೆಯಿಂದ ಬಂದದ್ದು. ಆದರೂ ಮೈಸೂರಿನಲ್ಲಿ ನೆಂಟರು ಮಗು ಹುಟ್ಟಿದಾಗಿನಿಂದ ತಾಯಿಯೊಬ್ಬಳನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಗರ್ಭಿಣಿಯಾಗಿದ್ದಾಗ ಏನು ತಿಂದೆ, ಗ್ರಹಣ ನೋಡಿದೆಯಾ ಎಂದು ವಿಚಾರಿಸುತ್ತಿದ್ದರು.

"ನನ್ನೊಬ್ಬಳದೇ ಏನೋ ಅಂದ್ಕೊಂಡಿದ್ದೆ ಕಣೋ," ಎಂದಳು. ಅಳುತ್ತಲೇ ನಕ್ಕಳು. ನಾನು ಓದಿ ಹೇಳಿದ್ದು ಯಾವುದೂ ಅವಳಿಗೆ ನೆರವಾಗಿರಲಿಲ್ಲ. ಏನೂ ಮಾಡದೆ ಹುಟ್ಟಿನಿಂದ ನನ್ನಲ್ಲಿದ್ದ ದೋಷ ನೆರವಾಯಿತು.

ಆ ಸಂಜೆ ಹುಡುಗಿ ನನ್ನನ್ನು ಕೋಣೆಗೆ ಕರೆದಳು. "ಮಾವ, ನೇರವಾಗಿ ಹೇಳು. ಆ ಥೆರಪಿ ಈಗ ನನಗೆ ಸಿಗುತ್ತಾ?"

"ಇಲ್ಲ," ಎಂದೆ. "ಇನ್ನೂ ಇಲಿಗಳ ಮೇಲೆ ಮಾತ್ರ ನೋಡ್ತಿದಾರೆ."

"ಓಕೆ." ಕೈಯ ಬ್ಯಾಂಡೇಜಿನ ತುದಿ ಸರಿಮಾಡಿಕೊಂಡಳು. "ಇದನ್ನ ಮೊದಲನೇ ಸ್ಲೈಡಲ್ಲೇ ಹಾಕಬೇಕಿತ್ತು."

ಆ ಚಳಿಗಾಲದಲ್ಲಿ ಆಪರೇಷನ್ ಆಯಿತು. ಗಡ್ಡೆಯ ಸುತ್ತ ಅಗಲವಾಗಿ ಕತ್ತರಿಸಿ ತೆಗೆದರು. ಆ ಗಾಯ ಮಾಯಲು ಬೇಸಿಗೆಯೇ ಬರಬೇಕಾಯಿತು. ನಾನು ಅಕ್ಕನಿಂದ ಡ್ರೆಸ್ಸಿಂಗ್ ಕಲಿತೆ. ಮೊದಮೊದಲು ನಾನು ಸುತ್ತಿದ ಬ್ಯಾಂಡೇಜ್ ಅವಳು ಎದ್ದು ನಿಂತ ಕೂಡಲೇ ಜಾರಿ ಪಾದಕ್ಕೆ ಬೀಳುತ್ತಿತ್ತು. ಆಮೇಲೆ ನಿಲ್ಲತೊಡಗಿತು. ಮರುವರ್ಷ ನನಗೆ ಬಸ್ಸುಗಳ ವೇಳಾಪಟ್ಟಿ ಮಾಡುವ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬಸ್ಸು ತಡವಾಗುತ್ತದೆ, ಮುಳುಗುವುದಿಲ್ಲ. ನನ್ನ ಯೋಗ್ಯತೆಗೆ ಸರಿಯಾದ ಕೆಲಸ.

ಅವಳು ಕಾಲೇಜಿಗೆ ಹೋದಳು. ಮತ್ತೆರಡು ಸಲ ಕ್ಯಾನ್ಸರ್ ಕಾಣಿಸಿತು, ಎರಡು ಸಲವೂ ಬೇಗ ಹಿಡಿದು ತೆಗೆದರು. ಕೊನೆಗೂ ಮನುಷ್ಯರ ಮೇಲೆ ಚರ್ಮದ ಹಾಳೆಗಳ ಪ್ರಯೋಗ ಶುರುವಾದಾಗ, ಹಿಂದೆ ಕ್ಯಾನ್ಸರ್ ಆಗಿತ್ತೆಂದು ಅವಳನ್ನು ಸೇರಿಸಿಕೊಳ್ಳಲಿಲ್ಲ. ನಾನು ಆ ದಿನವೆಲ್ಲ ಕೂಗಾಡಿದೆ. ಅವಳು ತನ್ನ ಪರೀಕ್ಷೆಗೆ ಓದಿಕೊಂಡಳು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಒಳ್ಳೆಯ ಜೀನನ್ನು ಹೊತ್ತ ಒಂದು ಜೆಲ್ ಔಷಧಿಯಾಗಿ ಬಂತು. ವಾರಕ್ಕೊಮ್ಮೆ ನರ್ಸ್ ಮನೆಗೆ ಬಂದು ಅದನ್ನು ಹುಣ್ಣಿನ ಮೇಲೆ ಹನಿಹನಿಯಾಗಿ ಹಾಕುತ್ತಾಳೆ. ಮೈಯೆಲ್ಲ ವಾಸಿಯಾಗಲಿಲ್ಲ, ಗಂಟಲಿಗೆ ಅದು ತಲುಪುವುದಿಲ್ಲ, ಕ್ಯಾನ್ಸರ್ ತಪಾಸಣೆ ತಪ್ಪಿಲ್ಲ. ಆದರೆ ಬೆನ್ನಿನ ಮೇಲಿದ್ದ, ಚಿಕ್ಕಂದಿನಿಂದ ಮುಚ್ಚದ ಆ ದೊಡ್ಡ ಹುಣ್ಣು ಮುಚ್ಚಿಕೊಂಡಿತು.

ಒಂದು ಶನಿವಾರ ಬೆಳಿಗ್ಗೆ ಜೆರಿಕೋಗೆ ಹೋದಾಗ ಅಕ್ಕ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು.

"ಮೆತ್ತಗೆ ಬಾ. ಅವಳಿನ್ನೂ ಮಲಗಿದಾಳೆ. ಅಂಗಾತ."

ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ಮೂವತ್ತು ದಾಟಿದ ಹೆಣ್ಣುಮಗಳು ಬೆನ್ನು ಹಾಸಿಗೆಗೆ ಕೊಟ್ಟು, ಬಾಯಿ ಸ್ವಲ್ಪ ತೆರೆದು, ಹಾಯಾಗಿ ಗೊರಕೆ ಹೊಡೆಯುತ್ತಿದ್ದಳು. ಅಕ್ಕ ಉಪ್ಪಿಟ್ಟು ಬಡಿಸಿದಳು. ಚಮಚ ತಟ್ಟೆಗೆ ತಾಗಿ ಸದ್ದಾದೀತೆಂದು ಇಬ್ಬರೂ ಕೈಯಲ್ಲೇ ತಿಂದೆವು.